ದಾವಣಗೆರೆಯಲ್ಲಿ ಇದ್ದುಕೊಂಡೇ ಕಡಲ ವಿಜ್ಞಾನಕ್ಕೆ ಕೈ ಪಳಗಿಸಿಕೊಳ್ಳುವುದು ಹೇಗೆ?

ಹೊಳೆದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಬಿಎಸ್ಸಿ ಕೊನೆಯ ವರ್ಷ, ಪ್ರಾಣಿಶಾಸ್ತ್ರ ಮತ್ತು ರಸಾಯನಶಾಸ್ತ್ರ. ಮುಂದೆ ಸಾಗರ ಜೀವಶಾಸ್ತ್ರದಲ್ಲಿ ಎಂಎಸ್ಸಿ ಮಾಡುವುದು ಗಟ್ಟಿ. ಆದರೆ ಕಡಲು ಘಟ್ಟದ ಆಚೆ. ವರ್ಷಕ್ಕೆ ಒಂದೋ ಎರಡೋ ಸಲ ಹೋಗಿ ಬರಬಹುದು, ಅಷ್ಟೇ. ನನ್ನ ಕೈಗೆಟಕುವ ನೀರು ಅಂದರೆ ಹರಿಹರದ ತುಂಗಭದ್ರೆ, ಚನ್ನಗಿರಿ ಕಡೆಯ ಸೂಳೆಕೆರೆ, ಹೆಚ್ಚೆಂದರೆ ಹಿರಿಯೂರಿನ ಮಾರಿಕಣಿವೆ.

ಸೀಟು ಸಿಕ್ಕ ಮೇಲೆ ಅಲ್ಲಿ ಹೋಗಿ ಮೊದಲ ಸಲ ಬಲೆ ಹಿಡಿಯುವ ಬದಲು ಈಗಿನಿಂದಲೇ ಅಭ್ಯಾಸ ಮಾಡಬೇಕು ಅಂತಿದ್ದೀನಿ. ಕೇಳಬೇಕಾದ್ದು ಇಷ್ಟು. ಪ್ಲವಕ (ನೀರಿನಲ್ಲಿ ತೇಲಾಡುವ ಸಣ್ಣ ಜೀವಿಗಳು, ಪ್ಲಾಂಕ್ಟನ್) ಹಿಡಿಯುವ ಬಲೆಯನ್ನು ಇಲ್ಲೇ ಮಾಡಿಸಬಹುದಾ, ಅಳತೆ ಏನು? ಸಿಹಿನೀರಿನಲ್ಲಿ ಕಲಿತದ್ದು ಉಪ್ಪುನೀರಿಗೆ ಎಷ್ಟು ಉಪಯೋಗಕ್ಕೆ ಬರುತ್ತೆ? ನೀರಿನ ಪರೀಕ್ಷೆಗಳಲ್ಲಿ ಯಾವುದನ್ನು ಚೆನ್ನಾಗಿ ಕಲಿಯಬೇಕು? ಕಡಲ ಸಂರಕ್ಷಣೆಗೆ ಈ ಬಯಲುಸೀಮೆಯಿಂದ ನಿಜವಾಗಿ ಏನಾದರೂ ಮಾಡಲಿಕ್ಕೆ ಬರುತ್ತಾ? ಹರಿಹರದಲ್ಲಿ ಹೊಳೆಗೆ ಬಿದ್ದ ಪ್ಲಾಸ್ಟಿಕ್ ಕಾರವಾರದ ಸಮುದ್ರ ಸೇರುವ ಮುಂಚೆ ತಡೆಯಬೇಕು ಅನ್ನುವುದು ನನ್ನ ಆಸೆ.

ಇನ್ನೊಂದು, ಮನೆಯಲ್ಲಿ ಎಲ್ಲರೂ ಇದನ್ನು ಮರ್ಚಂಟ್ ನೇವಿ ಅಂದುಕೊಂಡಿದ್ದಾರೆ. ಹೇಗೆ ಬಿಡಿಸಿ ಹೇಳಲಿ?

ಅಳಿವೆ ಬಾಗಿಲು

ಬಲೆಯ ವಿಷಯ ನಾನು ಹೇಳ್ತೀನಿ. ದಾವಣಗೆರೆಯಲ್ಲೇ ಆಗುತ್ತೆ, ಹೊರಗಿಂದ ತರಿಸಬೇಕಾದ್ದು ಏನೂ ಇಲ್ಲ.

ಬಟ್ಟೆಗೆ ಸ್ಕ್ರೀನ್ ಪ್ರಿಂಟಿಂಗ್ ಸಾಮಾನಿನ ಅಂಗಡಿಗೆ ಹೋಗಿ. ಅಚ್ಚಿನ ಚೌಕಟ್ಟಿಗೆ ಬಿಗಿಯುವ ಪಾಲಿಯೆಸ್ಟರ್ ಜಾಲರಿ ಕೇಳಿ. ಅದರ ಮೇಲೆ ಎರಡು ಅಂಕಿ ಇರುತ್ತೆ: ಸೆಂಟಿಮೀಟರಿಗೆ ಎಷ್ಟು ಎಳೆ, ಎಳೆಯ ದಪ್ಪ ಎಷ್ಟು ಮೈಕ್ರಾನ್ (ಸೆಂಟಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲು). 10,000ವನ್ನು ಎಳೆಯ ಸಂಖ್ಯೆಯಿಂದ ಭಾಗಿಸಿ ದಪ್ಪವನ್ನು ಕಳೆದರೆ ತೂತಿನ ಅಗಲ ಬರುತ್ತೆ. 77 ಎಳೆ, 55 ಮೈಕ್ರಾನ್ ದಪ್ಪ ಅಂದರೆ 130 ಕಳೆ 55, ಸುಮಾರು 75 ಮೈಕ್ರಾನ್. ಕೆರೆಯ ಪ್ರಾಣಿಪ್ಲವಕಕ್ಕೆ 60ರಿಂದ 75 ಸರಿ. ಕಡಲಿನ ಪ್ರಾಣಿಪ್ಲವಕಕ್ಕೆ ಸಾಮಾನ್ಯವಾಗಿ 200 ಮೈಕ್ರಾನ್ ಬಳಸುತ್ತಾರೆ. ಸಸ್ಯಪ್ಲವಕಕ್ಕೆ 20ರಿಂದ 25 ಬೇಕು, ಅದು ಈ ಅಂಗಡಿಗಳಲ್ಲಿ ಸಿಗುವುದು ಕಷ್ಟ. ಆ ಕೆಲಸಕ್ಕೆ ಬಲೆಯೇ ಬೇಡ, ಒಂದು ಲೀಟರ್ ನೀರಿಗೆ ಲುಗೋಲ್ ಅಯೋಡಿನ್ ಹಾಕಿ ಒಂದೆರಡು ದಿನ ಅಲ್ಲಾಡಿಸದೆ ತಳಕ್ಕೆ ಇಳಿಸಿದರೆ ಆಯ್ತು.

ಅಳತೆ: ಬಾಯಿಯ ವ್ಯಾಸ 30 ಸೆಂ.ಮೀ., ಕೆಳತುದಿ 5 ಸೆಂ.ಮೀ., ಓರೆಯ ಉದ್ದ 90 ಸೆಂ.ಮೀ. ಒಂದು ಮೀಟರ್ ಚೌಕದ ಬಟ್ಟೆ ಸಾಕು. ಮೊದಲು ನ್ಯೂಸ್‌ಪೇಪರ್ ಅಂಟಿಸಿಕೊಂಡು ಅದರ ಮೇಲೆ ನಕ್ಷೆ ತೆಗೆಯಿರಿ. ಒಂದು ಮೊಳೆ ಹೊಡೆದು ದಾರ ಕಟ್ಟಿ 108 ಸೆಂ.ಮೀ. ತ್ರಿಜ್ಯದ ಕಂಸ ಎಳೆಯಿರಿ, ಅದೇ ಮೊಳೆಯಿಂದ 18 ಸೆಂ.ಮೀ. ತ್ರಿಜ್ಯದ ಇನ್ನೊಂದು. ಎರಡನ್ನೂ 50 ಡಿಗ್ರಿ ಕೋನಕ್ಕೆ ಕತ್ತರಿಸಿ. ಹೊರಕಂಸ 94 ಸೆಂ.ಮೀ. ಬರಬೇಕು, ಒಳಕಂಸ 15.7. ಈ ಎರಡು ಸರಿಬಂದರೆ ನಕ್ಷೆ ಸರಿ. ಹೊಲಿಗೆಗೆ ಪಕ್ಕಕ್ಕೆ ಒಂದೂವರೆ ಸೆಂ.ಮೀ. ಜಾಸ್ತಿ ಬಿಡಿ.

ಹೊಲಿಯುವಾಗಲೇ ಹೆಚ್ಚಿನ ಬಲೆಗಳು ಕೆಡುವುದು. ಟೈಲರ್ ಸುಮ್ಮನೆ ಒಂದು ಸಾಲು ಹೊಲಿದು ಅಂಚನ್ನು ಹಾಗೇ ಬಿಟ್ಟರೆ ಆ ಅಂಚಿನ ಎಳೆಗಳಲ್ಲಿ ಪ್ರಾಣಿಗಳು ಸಿಕ್ಕಿಹಾಕಿಕೊಳ್ಳುತ್ತವೆ, ಮುಂದಿನ ಕೆರೆಯ ಮಾದರಿಯಲ್ಲಿ ಹಿಂದಿನ ಕೆರೆಯ ಜೀವಿಗಳು ಕಾಣುತ್ತವೆ. ಎರಡು ಅಂಚನ್ನೂ ಒಂದರೊಳಗೊಂದು ಮಡಚಿ, ಪ್ಯಾಂಟಿನ ಕಾಲಿಗೆ ಹಾಕುವ ಹಾಗೆ ಎರಡು ಸಾಲು ಹೊಲಿಸಿ. ನೈಲಾನ್ ದಾರ, ಸಣ್ಣ ಸೂಜಿ. ದಪ್ಪ ಸೂಜಿಯ ತೂತು ಜಾಲರಿಯ ತೂತಿಗಿಂತ ಎಷ್ಟೋ ದೊಡ್ಡದು.

ಬಾಯಿಗೆ 6 ಮಿ.ಮೀ. ಕಂಬಿಯ ಬಳೆ, ಗ್ರಿಲ್ ಮಾಡುವವರ ಹತ್ತಿರ ಬೆಸುಗೆ ಹಾಕಿಸಿ ಉಜ್ಜಿಸಿ. ಜಾಲರಿಯನ್ನು ನೇರ ಬಳೆಗೆ ಹೊಲಿಯಬೇಡಿ, ಉಜ್ಜಿ ಹರಿಯುತ್ತೆ. ನಡುವೆ 10 ಸೆಂ.ಮೀ. ಅಗಲದ ದಪ್ಪ ಕ್ಯಾನ್ವಾಸ್ ಪಟ್ಟಿ ಇರಲಿ. ಅದಕ್ಕೆ ಒಂದೇ ಉದ್ದದ ಮೂರು ಹಗ್ಗ, ಮೂರೂ ಸೇರುವ ಕಡೆ ಎಳೆಯುವ ಹಗ್ಗ. ಕೆಳತುದಿಗೆ 50 ಮಿ.ಮೀ. ಪಿವಿಸಿ ಪೈಪಿನ 8 ಸೆಂ.ಮೀ. ತುಂಡು, ತಿರುಪಿನ ಮುಚ್ಚಳದ್ದು. ಬಟ್ಟೆಯನ್ನು ಪೈಪಿನ ಮೇಲೆ ಏರಿಸಿ ಸ್ಟೀಲ್ ಕ್ಲಾಂಪ್ ಬಿಗಿಯಿರಿ. ಪೈಪಿನ ಪಕ್ಕದಲ್ಲಿ ಒಂದು ಕಿಟಕಿ ಕೊರೆದು ಅದೇ ಜಾಲರಿಯ ತುಂಡು ಅಂಟಿಸಿದರೆ ನೀರು ಸೋರಿ ಜೀವಿಗಳು ಉಳಿಯುತ್ತವೆ.

ಲೆಕ್ಕ ಹೀಗೆ. ಬಾಯಿಯ ವಿಸ್ತೀರ್ಣ 0.0707 ಚದರ ಮೀಟರ್. 10 ಮೀಟರ್ ಎಳೆದರೆ 0.707 ಘನ ಮೀಟರ್, ಅಂದರೆ 707 ಲೀಟರ್. ವೇಗ ಸೆಕೆಂಡಿಗೆ ಅರ್ಧ ಮೀಟರ್ ಆಸುಪಾಸು ಇರಲಿ. ಜೋರಾಗಿ ಎಳೆದರೆ ಬಲೆಯ ಬಾಯಿಯ ಮುಂದೆ ನೀರು ಗುಡ್ಡೆ ಕಟ್ಟಿ ಪಕ್ಕಕ್ಕೆ ಸರಿಯುತ್ತೆ, ಒಳಗೆ ಹೋಗುವುದಿಲ್ಲ. ಹರಿಹರದ ಹೊಳೆಯಲ್ಲಾದರೆ ಎಳೆಯುವುದೇ ಬೇಡ, ಹರಿವಿಗೆ ಎದುರಾಗಿ ಹಿಡಿದು ನಿಲ್ಲಿ. ಹರಿವು ಸೆಕೆಂಡಿಗೆ 0.3 ಮೀಟರ್ ಇದ್ದರೆ ಒಂದು ನಿಮಿಷಕ್ಕೆ ಸುಮಾರು 1,270 ಲೀಟರ್ ಆಯ್ತು. ಹರಿವಿನ ವೇಗಕ್ಕೆ 10 ಮೀಟರ್ ಅಳೆದು ಏನಾದರೂ ತೇಲಿಬಿಟ್ಟು ಸಮಯ ನೋಡಿ. ಮಂಡಕ್ಕಿ, ಹೂವು ಹಾಕಬೇಡಿ, ಅವನ್ನು ನೀರಿಗಿಂತ ಗಾಳಿಯೇ ಹೆಚ್ಚು ತಳ್ಳುತ್ತೆ. ಕಿತ್ತಳೆ ಹಣ್ಣು ಹಾಕಿ, ಅದು ಬಹುಪಾಲು ಮುಳುಗಿಯೇ ಹೋಗುತ್ತೆ.

ಹೊಳೆದಂಡೆ

ತುಂಬಾ ಉಪಕಾರ ಆಯ್ತು. ಒಂದು ಅನುಮಾನ. ಬೇಸಿಗೆಯಲ್ಲಿ ಕೆರೆಯ ನೀರು ಹಸಿರು ಬಣ್ಣದ ಗಂಜಿಯ ಹಾಗೆ ಇರುತ್ತೆ. ಆಗಲೂ ಈ 707 ಲೀಟರ್ ಲೆಕ್ಕ ನಿಲ್ಲುತ್ತಾ?

ಅಳಿವೆ ಬಾಗಿಲು

ನಿಲ್ಲುವುದಿಲ್ಲ. ಈ ಬಲೆಯ ಮೈ ಬಾಯಿಗಿಂತ ಏಳು ಪಟ್ಟು ದೊಡ್ಡದು. ಬಟ್ಟೆಯಲ್ಲಿ ತೂತಿನ ಪಾಲು ಮೂರರಲ್ಲೊಂದು ಅಂತ ಇಟ್ಟುಕೊಂಡರೂ ನೀರು ಸೋರಲು ಬಾಯಿಯ ಎರಡು ಪಟ್ಟಿಗಿಂತ ಹೆಚ್ಚು ಜಾಗ ಇದೆ. ತಿಳಿನೀರಿಗೆ ಅದು ಧಾರಾಳ. ಹಸಿರು ಗಂಜಿಯಲ್ಲಿ ಮೂರ್ನಾಲ್ಕು ಮೀಟರಿಗೇ ತೂತು ಕಟ್ಟಿಕೊಳ್ಳುತ್ತೆ, ಆಮೇಲೆ ನೀವು ಎಳೆಯುವುದು ಒಂದು ತುಂಬಿದ ಚೀಲವನ್ನು. ಅಂಥಲ್ಲಿ ಬಕೆಟ್ಟಿನಿಂದ ಅಳೆದು 50 ಅಥವಾ 100 ಲೀಟರ್ ಬಲೆಗೆ ಸುರಿಯಿರಿ, ಅಂಕಿ ನಂಬಬಹುದು. ಆಮೇಲೆ ಬಲೆಯ ಮೈಗೆ ಹೊರಗಿನಿಂದ ನೀರು ಎರಚಿ ಅಂಟಿದ್ದನ್ನೆಲ್ಲ ಕೆಳಗೆ ಇಳಿಸಬೇಕು. ಒಳಗಿನಿಂದ ಎರಚಿದರೆ ಆ ನೀರಿನ ಜೀವಿಗಳೂ ಎಣಿಕೆಗೆ ಸೇರಿಬಿಡುತ್ತವೆ.

ಎಣಿಕೆಗೆ ಸೆಡ್ಜ್‌ವಿಕ್-ರಾಫ್ಟರ್ ಕೋಶ ಅಂತ ಗಾಜಿನದು ಬರುತ್ತೆ: 50 ಮಿ.ಮೀ. ಉದ್ದ, 20 ಅಗಲ, 1 ಆಳ, ಸರಿಯಾಗಿ ಒಂದು ಮಿ.ಲೀ. ಹಿಡಿಯುತ್ತೆ. 100 ಲೀಟರ್ ಸೋಸಿ 50 ಮಿ.ಲೀ.ಗೆ ಇಳಿಸಿದ್ದೀರಿ, ಒಂದು ಮಿ.ಲೀ.ನಲ್ಲಿ 40 ಕೋಪೆಪಾಡ್ (ಸೀಗಡಿಯ ದೂರದ ನೆಂಟನಾದ ಪುಟ್ಟ ಪ್ರಾಣಿಪ್ಲವಕ) ಕಂಡವು ಅಂದರೆ 40 ಗುಣಿಸು 50 ಭಾಗಿಸು 100, ಲೀಟರಿಗೆ 20. ಮೂರು ಸಲ ಎಣಿಸಿ ಸರಾಸರಿ ತೆಗೆಯಿರಿ. ಸೀಸೆಯನ್ನು ಗಿರಗಿರ ತಿರುಗಿಸಿ ಕಲಕಿದರೆ ಜೀವಿಗಳು ಒಂದೇ ಕಡೆ ಸೇರುತ್ತವೆ. ಅತ್ತಿತ್ತ ಎಂಟರ ಆಕಾರದಲ್ಲಿ ಕಲಕಿ. ಪಿಪೆಟ್ಟಿನ ಬಾಯಿ ಅಗಲ ಇರಲಿ, ಸಣ್ಣ ಬಾಯಿಯದು ದೊಡ್ಡ ಕೋಪೆಪಾಡನ್ನು ಒಳಗೇ ಬಿಡುವುದಿಲ್ಲ.

ಸಿಹಿನೀರಿನ ಕಲಿಕೆ ಕಡಲಿಗೆ ಬರುತ್ತಾ ಅಂತ ಕೇಳಿದ್ದಿರಿ. ಕೋಪೆಪಾಡ್ ಗುರುತಿಸುವುದು ಹಾಗೇ ಬರುತ್ತೆ. ಮೀಸೆ ದೇಹದ ಕೊನೆಯವರೆಗೆ ಬಂದರೆ ಕ್ಯಾಲನಾಯ್ಡ್, ಅರ್ಧಕ್ಕೆ ನಿಂತರೆ ಸೈಕ್ಲೊಪಾಯ್ಡ್, ಮೋಟು ಮೀಸೆಯಾದರೆ ಹಾರ್ಪಾಕ್ಟಿಕಾಯ್ಡ್. ಸೂಳೆಕೆರೆಯಲ್ಲೂ ಇದೇ, ಕಾಳಿ ನದಿ ಕಡಲು ಸೇರುವ ಅಳಿವೆಯಲ್ಲೂ ಇದೇ. ಕೆರೆಯಲ್ಲಿ ಮುತ್ತಿಕೊಳ್ಳುವ ನೀರುಚಿಗಟಗಳು ಕಡಲಲ್ಲಿ ಪೆನಿಲಿಯಾ, ಇವಾಡ್ನೆ ಥರದ ಕೆಲವೇ ಜಾತಿಗೆ ಇಳಿಯುತ್ತವೆ. ಬಾಣಹುಳು, ನಕ್ಷತ್ರಮೀನಿನ ಮರಿ ಇವೆಲ್ಲ ಕಡಲಿಗೇ ಹೋಗಿ ನೋಡಬೇಕು.

ಕೆಡದಂತೆ ಇಡುವುದಕ್ಕೆ ನಿಮಗೆ ಸದ್ಯಕ್ಕೆ 70% ಆಲ್ಕೋಹಾಲ್ ಸಾಕು. ಕಡಲ ಮಾದರಿಗೆ ಒಂಬತ್ತು ಪಾಲು ನೀರಿಗೆ ಒಂದು ಪಾಲು ಫಾರ್ಮಲಿನ್ ಹಾಕುತ್ತಾರೆ, ಆಗ ಫಾರ್ಮಾಲ್ಡಿಹೈಡ್ ಸುಮಾರು 4% ಆಗುತ್ತೆ. ಆ ಫಾರ್ಮಲಿನ್‌ಗೆ ಮೊದಲೇ ಲೀಟರಿಗೆ 20 ಗ್ರಾಂ ಬೋರಾಕ್ಸ್ ಬೆರೆಸಿರಬೇಕು. ಇಲ್ಲದಿದ್ದರೆ ಅದರ ಹುಳಿಗೆ ಸುಣ್ಣದ ಚಿಪ್ಪೆಲ್ಲ ಕರಗಿ, ಕೆಲವು ತಿಂಗಳ ಮೇಲೆ ಮರಿಚಿಪ್ಪುಗಳ ಬದಲು ಗುರುತು ಸಿಗದ ಮುದ್ದೆ ಉಳಿಯುತ್ತೆ. ಫಾರ್ಮಲಿನ್ ಕ್ಯಾನ್ಸರ್ ತರುವ ವಸ್ತು. ಕೈಗವಸು, ತೆರೆದ ಕಿಟಕಿ ಇಲ್ಲದೆ ಮುಟ್ಟಬೇಡಿ, ಮನೆಗೆ ತರಲೇಬೇಡಿ.

ಬ್ಯೂರೆಟ್

ನೀರಿನ ಪರೀಕ್ಷೆಗಳಲ್ಲಿ ಒಂದನ್ನೇ ಆರಿಸಿ ಅಂದರೆ ಕರಗಿದ ಆಮ್ಲಜನಕ, ವಿಂಕ್ಲರ್ ವಿಧಾನ. ಮೀಟರ್ ಬಂದಿದೆಯಲ್ಲ ಅಂತ ಬಿಡಬೇಡಿ. ಮೀಟರ್ ಸರಿಯಿದೆಯಾ ಅಂತ ನೋಡುವುದೂ ಇದರಿಂದಲೇ. ನಿಮ್ಮದು ರಸಾಯನಶಾಸ್ತ್ರ ಇರುವುದರಿಂದ ಕಾಲೇಜಿನ ಲ್ಯಾಬಿನಲ್ಲೇ ಎಲ್ಲ ಸಿಗುತ್ತೆ.

300 ಮಿ.ಲೀ. ಬಿಒಡಿ ಸೀಸೆ (ಆಮ್ಲಜನಕ ಪರೀಕ್ಷೆಯ, ಗಾಜಿನ ಬಿರಡೆಯ ಸೀಸೆ) ಬೇಕು. ರಬ್ಬರ್ ಕೊಳವೆಯ ತುದಿಯನ್ನು ಸೀಸೆಯ ತಳಕ್ಕೆ ಮುಟ್ಟಿಸಿ ನಿಧಾನಕ್ಕೆ ತುಂಬಿಸಿ, ತುಂಬಿದ ಮೇಲೂ ಎರಡು ಮೂರು ಸೀಸೆಯಷ್ಟು ನೀರು ಹೊರಚೆಲ್ಲಲಿ. ಮೇಲಿನಿಂದ ಸುರಿದರೆ ಸುರಿಯುವಾಗಲೇ ಗಾಳಿ ಬೆರೆಯುತ್ತೆ. ನಂತರ ಮ್ಯಾಂಗನೀಸ್ ಸಲ್ಫೇಟ್ ದ್ರಾವಣ 1 ಮಿ.ಲೀ., ಕ್ಷಾರೀಯ ಅಯೋಡೈಡ್-ಅಜೈಡ್ 1 ಮಿ.ಲೀ., ಎರಡನ್ನೂ ಪಿಪೆಟ್ಟಿನ ತುದಿ ನೀರಿನೊಳಗೆ ಇಟ್ಟೇ ಬಿಡಿ. ಬಿರಡೆ ಹಾಕಿ ಹದಿನೈದು ಇಪ್ಪತ್ತು ಸಲ ಮಗುಚಿ. ಆಮ್ಲಜನಕ ಇದ್ದರೆ ಅಡಿಕೆ ಚೊಗರಿನ ಬಣ್ಣದ ಗಸಿ, ಮೋಡದ ಹಾಗೆ ಸುರುಳಿ ಸುರುಳಿಯಾಗಿ ಕೆಳಗಿಳಿಯುತ್ತೆ. ಆಮ್ಲಜನಕ ಕಡಿಮೆಯಾದಷ್ಟೂ ಬಣ್ಣ ತೆಳು; ಇಲ್ಲವೇ ಇಲ್ಲ ಅಂದರೆ ಮೊಸರಿನಂಥ ಬಿಳಿ. ಅರ್ಧ ಸೀಸೆಗೆ ಇಳಿದ ಮೇಲೆ ಮತ್ತೊಮ್ಮೆ ಮಗುಚಿ, ಪುನಃ ಇಳಿಯಲು ಬಿಡಿ. ಆಮೇಲೆ ಗಾಢ ಗಂಧಕಾಮ್ಲ 1 ಮಿ.ಲೀ. ಹಾಕಿ ಅಲ್ಲಾಡಿಸಿದರೆ ಗಸಿ ಕರಗಿ ಜೇನಿನ ಬಣ್ಣ ಬರುತ್ತೆ.

ಅದರಲ್ಲಿ 201 ಮಿ.ಲೀ. ತೆಗೆದುಕೊಳ್ಳಿ. 200 ಅಲ್ಲ, 201 ಯಾಕೆ? ನೀವು ಮೊದಲು ಹಾಕಿದ 2 ಮಿ.ಲೀ. ರಾಸಾಯನಿಕ ಅಷ್ಟೇ ನೀರನ್ನು ಹೊರಗೆ ತಳ್ಳಿದೆ, ಅದರ ಸರಿದೂಗಿಕೆ ಇದು. 0.025 ನಾರ್ಮಲ್ ಸೋಡಿಯಂ ಥಯೋಸಲ್ಫೇಟ್ ಬಿಡುತ್ತಾ ಹೋಗಿ. ತಿಳಿಹಳದಿ ಹುಲ್ಲಿನ ಬಣ್ಣಕ್ಕೆ ಬಂದಾಗ ಮಾತ್ರ ಪಿಷ್ಟದ ದ್ರಾವಣ ಹಾಕಿ. ಮೊದಲೇ ಹಾಕಿದರೆ ಅಯೋಡಿನ್ ಪಿಷ್ಟವನ್ನು ಬಿಗಿಯಾಗಿ ಹಿಡಿದುಕೊಂಡು ಕೊನೆಯ ಬಿಂದು ಜಾರಿಹೋಗುತ್ತೆ. ನೀಲಿ ಮಾಯವಾದ ಆ ಒಂದು ಹನಿಗೆ ನಿಲ್ಲಿಸಿ. ಸ್ವಲ್ಪ ಹೊತ್ತಿಗೆ ನೀಲಿ ಮರಳಿ ಬಂದರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಅದು ಗಾಳಿಯದು. ಖರ್ಚಾದ ಒಂದು ಮಿ.ಲೀ. ಥಯೋಸಲ್ಫೇಟಿಗೆ ಲೀಟರಿಗೆ ಒಂದು ಮಿ.ಗ್ರಾಂ ಆಮ್ಲಜನಕ. ಥಯೋಸಲ್ಫೇಟ್ ಇಟ್ಟಲ್ಲೇ ಬಲ ಕಳೆದುಕೊಳ್ಳುತ್ತೆ, ಹಾಗಾಗಿ ಪ್ರತಿ ಸಲ ಕೆಲಸಕ್ಕೆ ಮುಂಚೆ ಪೊಟ್ಯಾಸಿಯಂ ಅಯೋಡೇಟಿನಿಂದ ಪರೀಕ್ಷಿಸಿಕೊಳ್ಳಿ.

ಗುಳ್ಳೆ ಎಷ್ಟು ಕೆಡಿಸುತ್ತೆ ಅನ್ನುವುದನ್ನು ಲೆಕ್ಕ ಹಾಕಿ ನೋಡಿ. ಒಂದು ಮಿ.ಲೀ. ಗಾಳಿಯಲ್ಲಿ ಸುಮಾರು 0.27 ಮಿ.ಗ್ರಾಂ ಆಮ್ಲಜನಕ ಇದೆ. 300 ಮಿ.ಲೀ. ಸೀಸೆಯಲ್ಲಿ ಅದು ಲೀಟರಿಗೆ 0.9 ಮಿ.ಗ್ರಾಂ. ಲೀಟರಿಗೆ 8 ಮಿ.ಗ್ರಾಂ ಇರುವ ಹೊಳೆಯಲ್ಲಿ ಇದು ಸಣ್ಣ ತಪ್ಪು ಅನ್ನಿಸಬಹುದು. ಆದರೆ ಅರಬ್ಬೀ ಸಮುದ್ರದಲ್ಲಿ ಸುಮಾರು 150 ಮೀಟರಿನಿಂದ 1000 ಮೀಟರ್ ಆಳದವರೆಗೆ ಆಮ್ಲಜನಕ ತೀರಾ ಕಡಿಮೆ ಇರುವ ಪದರ ಇದೆ, ಪ್ರಪಂಚದಲ್ಲೇ ದಟ್ಟವಾದವುಗಳಲ್ಲಿ ಒಂದು. ಮುಂಗಾರಿನಲ್ಲಿ ಕೆಳಗಿನ ನೀರು ಮೇಲೆದ್ದು ಬಂದಾಗ ಆಮ್ಲಜನಕ ಬಡವಾದ ನೀರು ನಮ್ಮ ಕರಾವಳಿಯ ತಗ್ಗು ಕಡಲಿಗೂ ಏರುತ್ತೆ. ಅಲ್ಲಿ ಒಂದು ಗುಳ್ಳೆ ಸೇರಿದರೆ ಉಸಿರುಕಟ್ಟುವ ನೀರನ್ನು ಮೀನು ಬದುಕುವ ನೀರು ಅಂತ ಬರೆದಂತೆ. ಸೂಳೆಕೆರೆಯಲ್ಲಿ ಈ ಕೈ ಬಂದರೆ ಅಲ್ಲಿ ತಪ್ಪುವುದಿಲ್ಲ.

ಹೋಲಿಕೆಗೆ ಇಟ್ಟುಕೊಳ್ಳಿ: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸಮುದ್ರಮಟ್ಟದಲ್ಲಿ, ಸಿಹಿನೀರು ಹಿಡಿಯುವುದು ಲೀಟರಿಗೆ 8.26 ಮಿ.ಗ್ರಾಂ ಆಮ್ಲಜನಕ, 35ರ ಉಪ್ಪಿನಂಶದ (ಕಿಲೋಗೆ ಸುಮಾರು 35 ಗ್ರಾಂ ಉಪ್ಪು) ಕಡಲ ನೀರು ಸುಮಾರು 6.7. ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಇಲ್ಲಿ 8.26ರ ಬದಲು 7.7ರ ಆಸುಪಾಸು. ಇದು ಗೊತ್ತಿಲ್ಲದೆ ಪುಸ್ತಕದ ಕೋಷ್ಟಕಕ್ಕೆ ಹೋಲಿಸಿ, ಶುದ್ಧ ನೀರನ್ನೇ ಕೆಟ್ಟಿದೆ ಅನ್ನುವವರಿದ್ದಾರೆ. ಹಸಿರುಗಟ್ಟಿದ ಕೆರೆಯಲ್ಲಿ ಬೆಳಗಿನ ಜಾವ ಒಮ್ಮೆ, ಮಧ್ಯಾಹ್ನ ಎರಡಕ್ಕೆ ಒಮ್ಮೆ ಎರಡೂ ಮಾಡಿ. ರಾತ್ರಿಯೆಲ್ಲ ಎಲ್ಲ ಜೀವಿಗಳೂ ಉಸಿರಾಡಿ ಮುಗಿಸಿದ ನೀರಿಗೂ, ಪಾಚಿ ಬಿಸಿಲಿನಲ್ಲಿ ಕೆಲಸ ಮಾಡಿದ ನೀರಿಗೂ ಎಷ್ಟು ಅಂತರ ಅನ್ನುವುದು ಕಣ್ಣಿಗೆ ಕಾಣುತ್ತೆ.

ಅಜೈಡ್ ವಿಷ, ಆಮ್ಲ ತಾಗಿದರೆ ವಿಷಗಾಳಿ ಬಿಡುತ್ತೆ. ಸಿಂಕಿಗೆ ಚೆಲ್ಲಬೇಡಿ, ಲ್ಯಾಬಿನವರ ಎದುರೇ ಮಾಡಿ. ಗದ್ದೆ, ಚರಂಡಿ ನೀರಿನ ನೈಟ್ರೈಟ್ ಅಡ್ಡಿ ತೆಗೆಯಲು ಅದು ಬೇಕು. ಕಡಲ ನೀರಿಗೆ ಸಾಮಾನ್ಯವಾಗಿ ಹಾಕುವುದಿಲ್ಲ.

ಕಾಂಡ್ಲಾ ಬೇರು

ನಾನು ಕುಮಟಾ ಕಡೆಯಿಂದ. ಮೊದಲಿಗೆ ಒಂದು ತಿದ್ದುಪಡಿ, ಬೇಜಾರು ಮಾಡ್ಕೋಬೇಡಿ. ಹರಿಹರದ ಹೊಳೆಗೆ ಬಿದ್ದ ಪ್ಲಾಸ್ಟಿಕ್ ಕಾರವಾರಕ್ಕೆ ಬರುವುದಿಲ್ಲ. ತುಂಗಭದ್ರೆ ಪೂರ್ವಕ್ಕೆ ಹೋಗಿ ಕೃಷ್ಣೆ ಸೇರಿ ಆಂಧ್ರದ ಹಂಸಲದೀವಿ ಹತ್ತಿರ ಬಂಗಾಳ ಕೊಲ್ಲಿಗೆ ಬೀಳುತ್ತೆ. ಚಿತ್ರದುರ್ಗದ ವೇದಾವತಿಯೂ ಹಗರಿಯಾಗಿ ತುಂಗಭದ್ರೆಗೇ ಸೇರುವುದು. ನಡುವೆ ಹೊಸಪೇಟೆಯ ಅಣೆಕಟ್ಟು, ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡದ ಬ್ಯಾರೇಜು. ನಿಮ್ಮೂರಿನ ಪ್ಲಾಸ್ಟಿಕ್ಕಿನಲ್ಲಿ ಭಾರದ್ದು ಈ ಜಲಾಶಯಗಳ ಹೂಳಿನಲ್ಲೇ ಕೂರುತ್ತೆ. ಹಾಗಂತ ತಡೆಯುವ ಕೆಲಸ ಸಣ್ಣದಲ್ಲ, ಅದು ಮೊದಲು ನಿಮ್ಮ ಹೊಳೆಗೇ ಬೇಕು. ಆದರೆ ವರದಿಯಲ್ಲಿ ಅರಬ್ಬೀ ಸಮುದ್ರ ಅಂತ ಬರೆದುಬಿಟ್ಟರೆ ಇಡೀ ವರದಿಯನ್ನೇ ಯಾರೂ ನಂಬುವುದಿಲ್ಲ.

ಹೊಳೆಯ ಮರಳಿನಲ್ಲಿ ಸೂಕ್ಷ್ಮ ಪ್ಲಾಸ್ಟಿಕ್ ಎಣಿಸುವುದನ್ನು ನೀವು ಅಲ್ಲೇ ಕಲಿಯಬಹುದು. ಒಂದು ಲೀಟರ್ ನೀರಿಗೆ 360 ಗ್ರಾಂ ಉಪ್ಪು ಕರಗಿಸಿದರೆ ಸಾಂದ್ರತೆ 1.2 ಆಗುತ್ತೆ. ಆ ಉಪ್ಪುನೀರನ್ನೇ ಮೊದಲು ಸೋಸಿ, ಅಂಗಡಿ ಉಪ್ಪಿನಲ್ಲೂ ಕಸ, ನಾರು ಇರುತ್ತೆ. ಒಣಗಿಸಿದ ಮರಳು ಹಾಕಿ ಕಲಕಿ ಕೆಲವು ಗಂಟೆ ಬಿಟ್ಟು ಮೇಲಿನದನ್ನು ಸೋಸಿ. ಕ್ಯಾರಿಬ್ಯಾಗಿನ ಪಾಲಿಥಿನ್, ಬಾಟಲಿ ಮುಚ್ಚಳದ ಪಾಲಿಪ್ರೊಪಿಲಿನ್ ತೇಲುತ್ತವೆ. ನೀರಿನ ಬಾಟಲಿಯ ಪೆಟ್ 1.38, ಪಿವಿಸಿ 1.4ರ ಹತ್ತಿರ, ಇವು ತೇಲುವುದಿಲ್ಲ. ಸಿಗಲಿಲ್ಲ ಅಂದರೆ ಇಲ್ಲ ಅಂತ ಅರ್ಥವಲ್ಲ. ಕೆಲಸ ಮಾಡುವಾಗ ಹತ್ತಿ ಬಟ್ಟೆ ತೊಡಿ, ಪಕ್ಕದಲ್ಲಿ ಒಂದು ಒದ್ದೆ ಸೋಸುಕಾಗದ ತೆರೆದಿಡಿ. ಗಾಳಿಯಿಂದ ಅದರ ಮೇಲೆ ಬಿದ್ದ ನಾರುಗಳನ್ನು ಎಣಿಸಿ ನಿಮ್ಮ ಲೆಕ್ಕದಿಂದ ಕಳೆಯಿರಿ. ಅನುಮಾನ ಬಂದ ಚೂರಿಗೆ ಕಾಯಿಸಿದ ಸೂಜಿ ತಾಗಿಸಿ, ಪ್ಲಾಸ್ಟಿಕ್ ಆದರೆ ಕರಗುತ್ತೆ ಅಥವಾ ಸುರುಟಿಕೊಳ್ಳುತ್ತೆ.

ಇನ್ನು ಕಡಲಿಗೆ ಬರುವ ಆ ಒಂದೆರಡು ಸಲವನ್ನು ಹಾಳು ಮಾಡಿಕೊಳ್ಳಬೇಡಿ. ಹಾವೇರಿ, ಶಿರಸಿ ಮೇಲೆ ಕುಮಟಾಕ್ಕೆ ಬನ್ನಿ, ಆದರೆ ರಜೆ ನೋಡಿಕೊಂಡಲ್ಲ, ಪಂಚಾಂಗ ನೋಡಿಕೊಂಡು. ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ ಇಳಿತ ಎಲ್ಲಕ್ಕಿಂತ ಕೆಳಗೆ ಹೋಗುತ್ತೆ, ಆಗ ಬಂಡೆಯ ಕೆಳಪಟ್ಟಿ ಕಾಣುತ್ತೆ. ಅಷ್ಟಮಿ ನವಮಿ ಹೊತ್ತಿಗೆ ಬಂದರೆ ಅರ್ಧ ಬಂಡೆ ನೀರಿನಡಿಯೇ ಇರುತ್ತೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ. ಕೋಷ್ಟಕ ನೋಡಿ, ಕನಿಷ್ಠ ಇಳಿತಕ್ಕೆ ಒಂದೂವರೆ ಗಂಟೆ ಮುಂಚೆ ಬಂಡೆ ಮೇಲಿರಿ, ನೀರು ತಿರುಗಿದ ಕೂಡಲೇ ಹಿಂದೆ ಬನ್ನಿ.

ಜೊತೆಗೆ ಒಂದು ಚೌಕ ತನ್ನಿ, ಪಿವಿಸಿ ಪೈಪಿನದು, ಒಳಅಳತೆ 50 ಗುಣಿಸು 50 ಸೆಂ.ಮೀ. ಪೈಪನ್ನು 50ಕ್ಕೆ ಕತ್ತರಿಸಿದರೆ ಮೂಲೆಯ ಎಲ್ಬೋ ಸೇರಿ ಚೌಕ ದೊಡ್ಡದಾಗುತ್ತೆ. ಸೇರಿಸಿ ಒಳಗೆ ಅಳೆದು ಆಮೇಲೆ ಕತ್ತರಿಸಿ. ಪೈಪಿಗೆ ತೂತು ಹೊಡೆಯಿರಿ, ಇಲ್ಲವಾದರೆ ತೇಲುತ್ತೆ. 10 ಸೆಂ.ಮೀ.ಗೊಂದು ದಾರ ಕಟ್ಟಿದರೆ 25 ಮನೆ. ದಡದಿಂದ ನೀರಿನ ಕಡೆಗೆ ಟೇಪ್ ಹಾಸಿ, ಗೊತ್ತಾದ ಅಂತರಕ್ಕೆ ಇಡುತ್ತಾ ಎಣಿಸಿ. ಜೀವಿ ಹೆಚ್ಚಿರುವ ಕಡೆಗೆ ಕೈ ತಾನಾಗಿ ಹೋಗುತ್ತೆ, ಅದನ್ನು ತಡೆಯುವುದೇ ದೊಡ್ಡ ಕೆಲಸ. ತಿರುವಿದ ಕಲ್ಲನ್ನು ಮೊದಲಿದ್ದ ಮಗ್ಗುಲಿಗೇ ಮತ್ತೆ ಇಡಿ. ಅಡಿಯಲ್ಲಿ ಅಂಟಿಕೊಂಡವು ಬಿಸಿಲಿಗೆ ಅರ್ಧ ದಿನ ತಡೆಯುವುದಿಲ್ಲ.

ಸಂರಕ್ಷಣೆ ಅಂದ ಕೂಡಲೇ ಎಲ್ಲರೂ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ನೆಡಲು ಬರುತ್ತಾರೆ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ತಾಣವಾಯ್ತು (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ), ಅದಾದ ಮೇಲೆ ಆಸಕ್ತಿ ಇನ್ನೂ ಹೆಚ್ಚಿದೆ. ಒಳ್ಳೆಯದೇ. ಆದರೆ ಖಾಲಿ ಕಾಣುವ ಕೆಸರುಬಯಲು ಖಾಲಿಯಲ್ಲ. ಅಲ್ಲಿ ಚಿಪ್ಪುಮೀನಿನ ಹಾಸು ಇರುತ್ತೆ, ಅದನ್ನು ಹೆಕ್ಕಿ ಬದುಕುವ ಮನೆಗಳಿವೆ, ವಲಸೆ ಹಕ್ಕಿಗಳು ಮೇಯುವುದೂ ಅಲ್ಲೇ. ಸರಾಸರಿ ಕಡಲಮಟ್ಟಕ್ಕಿಂತ ಕೆಳಗೆ ನೆಟ್ಟ ಗಿಡ ದಿನದಲ್ಲಿ ಹೆಚ್ಚು ಹೊತ್ತು ಮುಳುಗಿ, ಬಾರ್ನಕಲ್ ಅನ್ನುವ ಅಂಟಿಕೊಳ್ಳುವ ಚಿಪ್ಪುಜೀವಿ ಮುತ್ತಿ ಸಾಯುತ್ತೆ. ಗಿಡವೂ ಹೋಯ್ತು, ಚಿಪ್ಪಿನ ಹಾಸೂ ಹೋಯ್ತು. ಎಲ್ಲಿ ನೀರಿನ ಹರಿವು ಕಟ್ಟಿದೆಯೋ ಅಲ್ಲಿ ಒಡ್ಡು ಬಿಡಿಸಿ ಉಬ್ಬರ ಒಳಗೆ ಬರುವಂತೆ ಮಾಡಿದರೆ ಬೀಜ ತಾನೇ ತೇಲಿಬಂದು ನೆಲೆ ನಿಲ್ಲುತ್ತೆ.

ಕಡಲಾಮೆಯದೂ ಹಾಗೇ. ಚಳಿಗಾಲ ಶುರುವಾದ ಮೇಲೆ ಹೊನ್ನಾವರ, ಕಾರವಾರದ ಮರಳಿನಲ್ಲಿ ಆಲಿವ್ ರಿಡ್ಲೆ ಮೊಟ್ಟೆ ಇಡುತ್ತೆ, ಒಂದು ಗೂಡಿಗೆ ನೂರರ ಆಸುಪಾಸು. ಇಟ್ಟು ಕೆಲವೇ ಗಂಟೆಗಳಲ್ಲಿ ಭ್ರೂಣ ಚಿಪ್ಪಿನ ಒಳಗೋಡೆಗೆ ಅಂಟಿಕೊಳ್ಳುತ್ತೆ. ಆಮೇಲೆ ಯಾರಾದರೂ ಎತ್ತಿ ಮಗ್ಗುಲು ಬದಲಿಸಿದರೆ ಒಳಗೇ ಸಾಯುತ್ತೆ, ಹೊರಗೆ ಗೊತ್ತೇ ಆಗುವುದಿಲ್ಲ. 1972ರ ವನ್ಯಜೀವಿ ಕಾಯಿದೆಯ ಮೊದಲ ಪಟ್ಟಿಯ ಪ್ರಾಣಿ ಅದು. ಗೂಡು ಕಂಡರೆ ಗುರುತು ಇಟ್ಟು ಅರಣ್ಯ ಇಲಾಖೆಗೆ ತಿಳಿಸಿ, ಅಗೆಯಬೇಡಿ. ಮರಿ ಹೊರಡುವ ಹೊತ್ತಿಗೆ ದಡದ ದೀಪ ಆರಿಸುವಂತೆ ಅಂಗಡಿ, ರೆಸಾರ್ಟಿನವರನ್ನು ಒಪ್ಪಿಸಿದರೆ ಅದೇ ದೊಡ್ಡ ಸಹಾಯ, ಮರಿಗಳು ಬೆಳಕು ಕಂಡ ಕಡೆಗೆ ಹೋಗಿಬಿಡುತ್ತವೆ. ಮರಳಿನ ಬಿಸಿಯನ್ನು ಗೂಡಿನ ಆಳದಲ್ಲಿ ದಾಖಲಿಸುವುದೂ ಬೇಕಾದ ಕೆಲಸ: 29-30 ಡಿಗ್ರಿಯಿಂದ ಮೇಲೆ ಹೋದಷ್ಟೂ ಹೆಣ್ಣುಮರಿ ಹೆಚ್ಚು, ಕೆಳಗಾದಷ್ಟೂ ಗಂಡು.

ಐಮಂಗಲದ ಬಂಡೆ

ಕಡಲು ದೂರ ಅಂತೀರಲ್ಲ, ಕಡಲ ತಳವೇ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿದೆ. ಚಿತ್ರದುರ್ಗ-ಹಿರಿಯೂರು ನಡುವೆ ಐಮಂಗಲದ ಹತ್ತಿರ ಮರಡಿಹಳ್ಳಿಯ ದಿಂಬು ಲಾವಾ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ. ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನಡಿ ಉಕ್ಕಿದ ಲಾವಾ. ನೀರು ತಾಗಿದ ಕೂಡಲೇ ಹೊರಚರ್ಮ ಗಟ್ಟಿಯಾಗಿ, ಒಳಗಿನದು ಇನ್ನೂ ಹರಿಯುತ್ತಾ ದಿಂಬಿನಾಕಾರ ತಾಳಿದೆ. ಮೇಲಿನ ದಿಂಬು ಇನ್ನೂ ಮೆತ್ತಗಿರುವಾಗಲೇ ಕೆಳಗಿನ ಎರಡರ ಸಂದಿಗೆ ಇಳಿದು ಚೂಪಾದ ಬಾಲ ಬಿಟ್ಟಿರುತ್ತೆ. ಬೆನ್ನು ಉಬ್ಬಿದ್ದು ಆಗಿನ ಮೇಲುಭಾಗ, ಬಾಲ ಇಳಿದದ್ದು ಆಗಿನ ಕೆಳಭಾಗ. ಪದರ ಆಮೇಲೆ ಹೇಗೆ ಮಗುಚಿದೆ ಅನ್ನುವುದನ್ನು ಇಷ್ಟರಿಂದಲೇ ಓದಬಹುದು. ನೋಟ್‌ಬುಕ್ಕಿನಲ್ಲಿ ಹತ್ತು ದಿಂಬಿನ ಚಿತ್ರ ಬರೆಯಿರಿ, ಪ್ರತಿಯೊಂದಕ್ಕೂ ಉದ್ದ, ಅಗಲ, ಬಾಲದ ದಿಕ್ಕು. ಸುತ್ತಿಗೆ ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ.

ದುರ್ಗದ ಮೇಷ್ಟ್ರು

ಓದಿನ ದಾರಿ. ಮನೆಯವರಿಗೆ ಹೀಗೆ ಹೇಳಿ: ಮರ್ಚಂಟ್ ನೇವಿ ಹಡಗು ನಡೆಸುವ ಉದ್ಯೋಗ, ಮರೀನ್ ಎಂಜಿನಿಯರಿಂಗ್ ಹಡಗಿನ ಯಂತ್ರದ್ದು, ಇದು ಕಡಲಿನ ನೀರು, ಜೀವಿ, ನೆಲದ ವಿಜ್ಞಾನ. ಕೆಲಸದ ಹೆಚ್ಚು ಪಾಲು ಲ್ಯಾಬಿನಲ್ಲಿ, ಕಂಪ್ಯೂಟರ್ ಮುಂದೆ.

ಕಾರವಾರದ ಕೋಡಿಬಾಗದಲ್ಲಿರುವುದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗ. ಅದೊಂದಕ್ಕೇ ಕೂರಬೇಡಿ. ಗೋವಾ ವಿಶ್ವವಿದ್ಯಾಲಯ, ಕೊಚ್ಚಿಯ ಕುಸಾಟ್ (ಕೊಚ್ಚಿನ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ), ತಮಿಳುನಾಡಿನ ಪರಂಗಿಪೇಟೆಯಲ್ಲಿರುವ ಅಣ್ಣಾಮಲೈ ವಿಶ್ವವಿದ್ಯಾಲಯದ ಕೇಂದ್ರ, ಪೋರ್ಟ್ ಬ್ಲೇರ್‌ನಲ್ಲಿರುವ (ಈಗ ಶ್ರೀ ವಿಜಯಪುರಂ) ಪಾಂಡಿಚೇರಿ ವಿಶ್ವವಿದ್ಯಾಲಯದ ವಿಭಾಗ, ಇವಕ್ಕೂ ಅರ್ಜಿ ಹಾಕಿ. ಪ್ರತಿಯೊಂದರ ಪ್ರವೇಶದ ಕ್ರಮ ಬೇರೆ, ಕೊನೆಯ ದಿನಾಂಕವೂ ಬೇರೆ. ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಬಂಡೆಯ ಕಡೆ ಮನಸ್ಸಿದ್ದರೆ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಾಗರ ಭೂವಿಜ್ಞಾನ ಇದೆ. ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಬಿಎಫ್‌ಎಸ್ಸಿ ಪಿಯುಸಿ ಮುಗಿಸಿ ಸಿಇಟಿ ಬರೆದು ಸೇರುವ ನಾಲ್ಕು ವರ್ಷದ ಪದವಿ, ಈಗ ನಿಮಗೆ ಅಲ್ಲ. ನಿಮ್ಮ ತಮ್ಮ ತಂಗಿಯರಿಗೆ ಹೇಳಿ.

ಸಂಶೋಧನೆಗೆ ಹೋಗುವುದಾದರೆ ಸಂಶೋಧನಾ ಫೆಲೋಷಿಪ್ಪಿಗೆ ಬರೆಯುವ ರಾಷ್ಟ್ರಮಟ್ಟದ ಪರೀಕ್ಷೆ ಸಿಎಸ್‌ಐಆರ್ ನೆಟ್‌ನಲ್ಲಿ ಜೀವವಿಜ್ಞಾನ ಒಂದು ದಾರಿ, ಭೂಮಿ-ವಾಯುಮಂಡಲ-ಸಾಗರ-ಗ್ರಹ ವಿಜ್ಞಾನ ಅಂತ ಬೇರೆ ಪತ್ರಿಕೆಯೇ ಇನ್ನೊಂದು. ಎರಡನೆಯದಕ್ಕೆ ಗಣಿತ, ಭೌತಶಾಸ್ತ್ರ ಬೇಕು, ನಿಮ್ಮಂಥವರು ಎಡವುವುದು ಅಲ್ಲೇ. ಬಿಡುವಾದಾಗ ಆರ್ (R) ಅಥವಾ ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆ ಕಲಿಯಿರಿ. ಮೇಲೆ ಹೇಳಿದ ಪ್ಲವಕದ ಎಣಿಕೆ, ಆಮ್ಲಜನಕದ ಅಂಕಿ ಇವನ್ನೇ ಹಾಕಿ ನಕ್ಷೆ ತೆಗೆದು ಅಭ್ಯಾಸ ಮಾಡಿದರೆ ಎರಡೂ ಕೆಲಸ ಆಗುತ್ತೆ. ಮತ್ತೆ ಈಜು. ಎಂಎಸ್ಸಿಗೆ ಸ್ಕೂಬಾ ಕಡ್ಡಾಯ ಅಲ್ಲ, ಆದರೆ ಮುಂದೆ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾದ ಮೊದಲ ಹಂತದ ಪಾಡಿ (PADI) ಓಪನ್ ವಾಟರ್ ಕೋರ್ಸ್ ಮಾಡಬೇಕು ಅಂದರೆ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ಈಜುಕೊಳದಲ್ಲಿ ಕಲಿಯಿರಿ. ಭದ್ರಾ ಕಾಲುವೆಗೆ ಇಳಿಯಬೇಡಿ, ಮಾದರಿ ತೆಗೆಯಲೂ ಬೇಡ. ಗೋಡೆ ಇಳಿಜಾರು, ಪಾಚಿ ಕಟ್ಟಿರುತ್ತೆ, ಜಾರಿದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಸೂಳೆಕೆರೆಯಲ್ಲೂ ತೂಬಿನ ಹತ್ತಿರ ಬೇಡ.

ಹೊಳೆದಂಡೆ

ಹೊಳೆ ಯಾವ ಕಡಲಿಗೆ ಹೋಗುತ್ತೆ ಅನ್ನುವುದನ್ನೇ ತಪ್ಪು ತಿಳಿದಿದ್ದೆ, ತಿದ್ದಿದ್ದಕ್ಕೆ ಕಾಂಡ್ಲಾ ಬೇರು ಅವರಿಗೆ ಧನ್ಯವಾದ. ಈ ವಾರ ನಕ್ಷೆ ಕತ್ತರಿಸಿ ಟೈಲರ್‌ಗೆ ಕೊಡ್ತೀನಿ. ವಿಂಕ್ಲರ್‌ಗೆ ಮೇಡಂ ಹತ್ತಿರ ಅನುಮತಿ ಕೇಳಿದ್ದೀನಿ. ಒಂದೇ ಪ್ರಶ್ನೆ ಉಳಿಯಿತು: ಬೆಳಗಿನ ಜಾವ ಕೆರೆಯಲ್ಲಿ ತೆಗೆದ ನೀರನ್ನು ಬಸ್ಸಿನಲ್ಲಿ ದಾವಣಗೆರೆ ಲ್ಯಾಬಿಗೆ ತರುವಷ್ಟರಲ್ಲಿ ಆಮ್ಲಜನಕ ಬದಲಾಗಲ್ವಾ?

ಬ್ಯೂರೆಟ್

ಬದಲಾಗುತ್ತೆ, ಹಸಿರು ನೀರಿನಲ್ಲಂತೂ ಬೇಗ. ಅದಕ್ಕೇ ಮೊದಲ ಎರಡು ದ್ರಾವಣವನ್ನು ಕೆರೆದಂಡೆಯಲ್ಲೇ ಹಾಕಿ ಗಸಿ ಕಟ್ಟಿಸಿಬಿಡಬೇಕು. ಅದಕ್ಕೂ ಲ್ಯಾಬಿನಿಂದ ಯಾರಾದರೂ ಜೊತೆಗೆ ಬರಲಿ. ಗಸಿಯಲ್ಲಿ ಸಿಕ್ಕಿದ ಆಮ್ಲಜನಕ ಎಲ್ಲೂ ಹೋಗುವುದಿಲ್ಲ. ಬಿರಡೆಯ ಸುತ್ತ ಬಟ್ಟಲಿನಂತಿರುವ ಜಾಗಕ್ಕೆ ಸ್ವಲ್ಪ ನೀರು ನಿಲ್ಲಿಸಿ, ಕಪ್ಪು ಬಟ್ಟೆ ಸುತ್ತಿ, ನೆಟ್ಟಗೆ ನಿಲ್ಲುವಂತೆ ಡಬ್ಬದಲ್ಲಿಟ್ಟು ತನ್ನಿ. ಆಮ್ಲವನ್ನು ಬಸ್ಸಿನಲ್ಲಿ ಒಯ್ಯಬೇಡಿ, ಅದು ಲ್ಯಾಬಿಗೆ ಬಂದ ಮೇಲೆ. ಅದೇ ದಿನ ಟೈಟ್ರೇಟ್ ಮಾಡಿ ಮುಗಿಸಿ. ಸೀಸೆಯ ನಂಬರನ್ನು ಗಾಜಿನ ಮೇಲೂ ಬಿರಡೆಯ ಮೇಲೂ ಬರೆಯಿರಿ. ಬಿರಡೆ ಅದಲುಬದಲಾದರೆ ಸೀಸೆಯ ಅಳತೆ ಬದಲಾಗುತ್ತೆ, ಜೊತೆಗೆ ಸರಿಯಾಗಿ ಕೂರದೆ ಗಾಳಿಯೂ ಒಳಗೆ ಹೋಗುತ್ತೆ.